ಜ್ವರದ ಪರ ವಕೀಲರು

ಮೂಡಿಗೆರೆ ಬಸ್ ಸ್ಟ್ಯಾಂಡಿನ ಎದುರಿಗೆ ನನ್ನದೊಂದು ಮೆಡಿಕಲ್ ಶಾಪ್ ಇದೆ. ಗಿರಾಕಿಗಳು ಕೂರಲಿ ಎಂದು ಅಲ್ಲೊಂದು ಸ್ಟೂಲು ಹಾಕಿದ್ದೇನೆ. ಆದರೆ ಅದರ ಮೇಲೆ ಗಿರಾಕಿಗಳು ಕೂತಿದ್ದನ್ನು ನಾನು ನೋಡಿದ್ದು ಕಡಿಮೆ. ಬೆಳಗಿನ ಬಸ್ಸಿಗೆ ಬಂದಿಳಿಯುತ್ತಿದ್ದ ನಮ್ಮ ಮೇಷ್ಟ್ರು ಕೊಡೆಯನ್ನು ಕೌಂಟರಿನ ಅಂಚಿಗೆ ನೇತುಹಾಕಿ ಒಮ್ಮೆ ಅದರ ಮೇಲೆ ಕೂತರೆಂದರೆ ಊಟದ ಹೊತ್ತಿನವರೆಗೆ ಅದು ಅವರದೇ. ಇಷ್ಟು ವರ್ಷಗಳಲ್ಲಿ ಅವರು ನನ್ನಲ್ಲಿ ಕೊಂಡದ್ದೆಂದರೆ ಗಾಯಕ್ಕೆ ಕಟ್ಟುವ ಬಟ್ಟೆ ಮತ್ತು ಹೆಂಡತಿಯ ಮಂಡಿನೋವಿನ ಮುಲಾಮು. ಅಷ್ಟು ವ್ಯಾಪಾರ ಮಾಡಿದ ತಪ್ಪಿಗೋ ಎಂಬಂತೆ ನನ್ನ ಬಾಕಿ ಗಿರಾಕಿಗಳನ್ನೆಲ್ಲ ಕೂತಲ್ಲಿಂದಲೇ ವಿಚಾರಣೆಗೆ ಎಳೆಯುತ್ತಿದ್ದರು.

ಈ ಕಡೆ ಶೀತ, ಕೆಮ್ಮು, ಜ್ವರ ಬಂದವರು ಡಾಕ್ಟರ ಚೀಟಿ ಹಿಡಿದು ಬರುವುದಿಲ್ಲ. “ಒಂದ್ ಸೆಟ್ ಕೊಡಿ” ಅನ್ನುತ್ತಾರೆ. ಸೆಟ್ ಎಂದರೆ ಜ್ವರಕ್ಕೊಂದು ಮಾತ್ರೆ, ಶೀತಕ್ಕೊಂದು, ಜೊತೆಗೆ ‘ಒಳಗಿಂದ ವಾಸಿಯಾಗಲಿಕ್ಕೆ’ ಒಂದು ಬಣ್ಣದ ಕ್ಯಾಪ್ಸೂಲು. ಎಸ್ಟೇಟಿನ ಮೇಸ್ತ್ರಿಗಳಂತೂ ಸಂತೆಯ ದಿನ ಇಡೀ ಗ್ಯಾಂಗಿಗೆ ಸೇರಿಸಿ ಕೊಂಡುಹೋಗುತ್ತಾರೆ. ನಾನು ಪೊಟ್ಟಣ ಕಟ್ಟಿ ಕೌಂಟರಿನ ಮೇಲೆ ಇಟ್ಟದ್ದೇ ತಡ, ಮೇಷ್ಟ್ರ ಕೈ ಬರುತ್ತಿತ್ತು. ಪೊಟ್ಟಣ ಬಿಚ್ಚಿ ಬಣ್ಣದ ಕ್ಯಾಪ್ಸೂಲನ್ನು ನನ್ನ ಕಡೆಗೇ ತಳ್ಳುತ್ತಿದ್ದರು.

“ಇದು ಬ್ಯಾಕ್ಟೀರಿಯಾಕ್ಕೆ. ಇವನಿಗೆ ಬಂದಿರೋದು ವೈರಸ್. ದನ ಕಟ್ಟೋ ಹಗ್ಗ ಕೊಟ್ಟು ಸೊಳ್ಳೆ ಹಿಡಿಯಕ್ಕೆ ಕಳಿಸ್ತೀಯನಾ?”

“ಸಾರ್, ನಾನು ಅಂಗಡಿ ಇಟ್ಕಂಡಿರೋದು ಮಾರಕ್ಕೆ.”

“ಮಾರು ಮಾರಾಯ, ಯಾರು ಬೇಡ ಅಂದ್ರು? ಸೋಪು ಮಾರು, ಪೌಡರ್ ಮಾರು.”

ಎದುರಿನ ಹೋಟೆಲಿನವನು ಅವರಿಗೆ ‘ಜ್ವರದ ಪರ ವಕೀಲರು’ ಎಂದು ಹೆಸರಿಟ್ಟಿದ್ದ. ಮೇಷ್ಟ್ರ ಕಿವಿಗೂ ಅದು ಬಿದ್ದಿತ್ತು. “ಫೀಸು ಯಾರೂ ಕೊಡ್ತಿಲ್ಲ ಅಷ್ಟೆ” ಎಂದು ನಕ್ಕಿದ್ದರು.

ಕಳೆದ ಕೊಯ್ಲಿನ ಕಾಲದಲ್ಲಿ ಮೇಷ್ಟ್ರು ತೀರಿಕೊಂಡರು. ಫ್ಲೂ ಬಂತು, ಎದೆಗೆ ಇಳಿಯಿತು. ಯಾವ ವೈರಸ್ಸಿನ ಹಿಂದೆ ಜೀವಮಾನವಿಡೀ ಓಡಾಡಿದರೋ ಅದೇ ವೈರಸ್ಸು ಅವರನ್ನು ಕೊಂಡುಹೋಯಿತು ಎಂದು ಹೇಳಿಕೊಂಡು ನಗುವವರು ಊರಲ್ಲಿ ಇದ್ದಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಆ ಕಾಯಿಲೆ ಅವರಿಗೆ ಎಲ್ಲಿಂದ ಬಂತು ಅನ್ನುವುದರ ಮೇಲೆ ಒಬ್ಬರ ಬಾಕಿ ಬದುಕಿನ ನೆಮ್ಮದಿ ನಿಂತಿತ್ತು. ನಗುವವರಿಗೆ ಅದು ಗೊತ್ತಿಲ್ಲ.

ನಾನು ಅವರ ವಿದ್ಯಾರ್ಥಿ. ಕಾಲೇಜಿನಲ್ಲಿ ನಮಗೆ ಜೀವಶಾಸ್ತ್ರ ಹೇಳಿಕೊಟ್ಟವರು. ಅದಕ್ಕೂ ಮೊದಲು ದೂರದ ಊರಿನ ಪ್ರಯೋಗಾಲಯವೊಂದರಲ್ಲಿ ಇನ್‌ಫ್ಲುಯೆಂಜಾ ವೈರಸ್ಸಿನ ಮೇಲೆ ಕೆಲಸ ಮಾಡಿದ್ದರು. ಪೂರ್ತಿ ವೈರಸ್ಸಿನ ಮೇಲೂ ಅಲ್ಲ, ಎನ್‌ಎಸ್ ಒನ್ ಎಂಬ ಅದರ ಒಂದೇ ಒಂದು ಪ್ರೋಟೀನಿನ ಮೇಲೆ. ಅದು ಏನು ಕೆಲಸ ಮಾಡುತ್ತದೆ ಎಂದು ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲವಂತೆ. “ನನ್ನ ತಲೆಕೂದಲು ತಿಂದಿದ್ದು ಅದೇ” ಎಂದು ಬೋಳುತಲೆ ಸವರಿಕೊಳ್ಳುತ್ತಿದ್ದರು. ಅಪ್ಪ ಹೋದಮೇಲೆ ಬಣಕಲ್ ಹತ್ತಿರದ ಸಣ್ಣ ಕಾಫಿ ತೋಟ ನೋಡಿಕೊಳ್ಳಲು ವಾಪಸು ಬಂದರು. ಬಂದರೂ ಆ ಪ್ರೋಟೀನನ್ನು ಬಿಡಲಿಲ್ಲ. ಪಾಠ ಕಪ್ಪೆಯದಿರಲಿ, ಜರಿಗಿಡದ್ದಿರಲಿ, ತಿರುಗಿ ತಿರುಗಿ ಅಲ್ಲಿಗೇ ಬಂದು ನಿಲ್ಲುತ್ತಿದ್ದರು. ಸಿಲಬಸ್ಸಿನಲ್ಲಿ ಅದು ಇರಲೇ ಇಲ್ಲ.

ಒಂದು ದಿನ ಕ್ಲಾಸಿಗೆ ಪೆಪ್ಪರ್‌ಮಿಂಟಿನ ಡಬ್ಬಿ ಹಿಡಿದುಕೊಂಡು ಬಂದರು. ಮನೆಯಲ್ಲಿ ಏನೋ ಶುಭಕಾರ್ಯ ಇರಬೇಕು ಎಂದುಕೊಂಡೆವು. ಆ ಪ್ರೋಟೀನಿನ ಕೆಲಸ ಏನೆಂದು ಹೊರದೇಶದಲ್ಲಿ ಯಾರೋ ಕಂಡುಹಿಡಿದಿದ್ದರಂತೆ, ಅದನ್ನು ಇವರು ಹಿಂದಿನ ದಿನ ಓದಿದ್ದರಂತೆ. ತಾನು ಹುಡುಕಿದ್ದು ಇನ್ನೊಬ್ಬರಿಗೆ ಸಿಕ್ಕಿತು ಎಂದು ಸಿಹಿ ಹಂಚಿದ ಮನುಷ್ಯನನ್ನು ನಾನು ಬೇರೆ ಎಲ್ಲೂ ಕಂಡಿಲ್ಲ.

ಅವತ್ತು ನಮ್ಮನ್ನು ಕಾಲೇಜಿನ ಹಿಂದಿನ ಇಳಿಜಾರಿಗೆ ಕರೆದುಕೊಂಡು ಹೋಗಿ ದೂರ ದೂರ ನಿಲ್ಲಿಸಿದರು. ನೀವೆಲ್ಲ ಮೂಗು ಗಂಟಲಿನ ಜೀವಕೋಶಗಳು, ಒಬ್ಬೊಬ್ಬರೂ ಒಂದೊಂದು ಮನೆ ಎಂದರು. ನಮ್ಮ ಗುಡ್ಡಗಳಲ್ಲಿ ಮನೆಗೂ ಮನೆಗೂ ದೂರ. ಆನೆ ಬಂದರೆ, ಯಾರಿಗಾದರೂ ಆಪತ್ತಾದರೆ ಒಂದು ಮನೆಯವರು ಕೂ ಹಾಕುತ್ತಾರೆ. ಕೇಳಿದವರು ತಮ್ಮ ಬಾಗಿಲು ಭದ್ರ ಮಾಡಿಕೊಂಡು ಮುಂದಿನ ಮನೆಗೆ ಕೇಳುವಂತೆ ತಾವೂ ಕೂ ಹಾಕುತ್ತಾರೆ. ಫೋನು ಬಂದಮೇಲೂ ಅದು ಪೂರ್ತಿ ನಿಂತಿಲ್ಲ.

“ನೋಡ್ರಪ್ಪಾ, ವೈರಸ್ ಹೊಕ್ಕ ಮನೆ ಉಳಿಯೋದು ಕಷ್ಟ. ಆದ್ರೆ ಸಾಯೋ ಮೊದಲು ಅದು ಒಂದು ಕೂ ಹಾಕುತ್ತೆ. ಅದಕ್ಕೆ ಇಂಟರ್‌ಫೆರಾನ್ ಅಂತ ಹೆಸರು. ಅದು ತಾನಾಗಿ ವೈರಸ್ಸನ್ನ ಕೊಲ್ಲಲ್ಲ. ಚಿಲಕ ಹಾಕ್ಕಳಿ ಅಂತ ಅಕ್ಕಪಕ್ಕದೋರಿಗೆ ಹೇಳುತ್ತೆ, ಅಷ್ಟೆ. ಈಗ ಕೂ ಹಾಕು, ನೋಡಣ” ಎಂದು ನನ್ನ ಕಡೆ ತಿರುಗಿದರು.

ನಾನು ಬಾಯಿ ತೆಗೆದೆ. ಅಷ್ಟರಲ್ಲಿ ಹಿಂದಿನಿಂದ ಬಂದು ಗಬಕ್ಕನೆ ನನ್ನ ಬಾಯಿ ಮುಚ್ಚಿದರು. ಅಂಗೈಯ ಸೀಮೆಸುಣ್ಣವೆಲ್ಲ ನನ್ನ ನಾಲಿಗೆಗೆ ಬಂತು. ಆಚೆ ಕಡೆ ನಿಂತವರಿಗೆ ಏನೂ ಕೇಳಿಸಲಿಲ್ಲ, ಹರಟೆ ಹೊಡೆಯುತ್ತ ನಿಂತಿದ್ದರು. ಮೇಷ್ಟ್ರು ಒಬ್ಬೊಬ್ಬರ ಹಿಂದೆ ಹೋಗಿ ತಲೆಗೆ ಮೊಟಕುತ್ತ, “ನೀನು ಸತ್ತೆ, ನೀನೂ ಸತ್ತೆ” ಎಂದು ಇಳಿಜಾರೆಲ್ಲ ಓಡಾಡಿದರು. ಕೊನೆಗೆ ಏದುಸಿರು ಬಿಡುತ್ತ ಬಂದು, “ಇದೇ ಅದರ ಕೆಲಸ! ಕದಿಯೋಕೆ ಮೊದಲು ಬಾಯಿ ಮುಚ್ಚೋದು! ಇಷ್ಟು ಸುಲಭದ್ದು, ನಂಗೆ ಹೊಳೀಲೇ ಇಲ್ಲ ನೋಡಿ!” ಎಂದರು. ಹೇಳುವಾಗ ಅವರ ಮುಖದಲ್ಲಿ ಬೇಸರ ಒಂದಿಷ್ಟೂ ಇರಲಿಲ್ಲ.

ಆ ವೈರಸ್ಸಿನ ಬಗ್ಗೆ ಅವರಿಗೆ ದ್ವೇಷ ಅನ್ನುವುದೇ ಇರಲಿಲ್ಲ. ಚುರುಕಾದ ತುಂಟ ವಿದ್ಯಾರ್ಥಿಯ ಬಗ್ಗೆ ಮಾತಾಡಿದ ಹಾಗೆ ಮಾತಾಡುತ್ತಿದ್ದರು. ಅದು ಜೀವಕೋಶದ ಸ್ವಂತ ಸಂದೇಶಗಳ ತಲೆ ಕತ್ತರಿಸಿ ತನ್ನ ಸಂದೇಶಕ್ಕೆ ಅಂಟಿಸಿಕೊಳ್ಳುತ್ತದಂತೆ. ಕಳ್ಳ ಎಸ್ಟೇಟಿನ ಆಳಿನ ಕಂಬಳಿಕೊಪ್ಪೆಯನ್ನೇ ಹೊದ್ದುಕೊಂಡು ಒಳಗೆ ಬಂದರೆ ಹಾಜರಿ ಬರೆಯುವ ರೈಟರಿಗೆ ಗುರುತು ಹೇಗೆ ಸಿಗಬೇಕು ಎಂದು ಕೇಳುತ್ತಿದ್ದರು. “ಏನು ಬುದ್ಧಿ ಮಾರಾಯ!” ಎಂದು ತೊಡೆ ತಟ್ಟಿಕೊಳ್ಳುತ್ತಿದ್ದರು. ಮೂಗು ಸೋರಿಸಿಕೊಂಡು ಎದುರಿಗೆ ನಿಂತ ಗಿರಾಕಿಗೆ ಈ ಹೊಗಳಿಕೆ ಹಿಡಿಸುತ್ತಿರಲಿಲ್ಲ ಅನ್ನುವುದನ್ನು ಬೇರೆ ಹೇಳಬೇಕಿಲ್ಲ.

ಜ್ವರದ ವಿಷಯದಲ್ಲಿ ಅವರ ವಾದ ಇಷ್ಟೇ. ಜ್ವರ, ಮೈಕೈ ನೋವು ಎಲ್ಲ ವೈರಸ್ ನೇರವಾಗಿ ಕೊಡುವುದಲ್ಲ, ಹೆಚ್ಚಿನ ಪಾಲು ನಮ್ಮ ಮೈಯೇ ಎಬ್ಬಿಸುವ ಗಲಾಟೆ. “ಜ್ವರ ನಮ್ಮ ಕಡೆಯೋನು. ಮೈ ಕೈ ನೋವು ತಡಿಯಕ್ಕಾಗ್ದಿದ್ರೆ ಮಾತ್ರೆ ನುಂಗು. ಆದ್ರೆ ನುಂಗಿ ಮಲಗು. ಜ್ವರ ಇಳೀತು ಅಂದ ತಕ್ಷಣ ಕಾಯಿಲೆ ಹೋಯ್ತು ಅಂತ ಊರು ಸುತ್ತಬೇಡ.” ಇದರಲ್ಲಿ ಮಲಗು ಎಂಬ ಭಾಗವನ್ನು ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಮೇಷ್ಟ್ರು ಮಾತ್ರೆ ಬೇಡ ಅಂತಾರೆ ಎಂದಷ್ಟೇ ಊರಲ್ಲಿ ಹಬ್ಬಿತ್ತು.

ಬಣಕಲ್ ಕಡೆಯ ಒಂದು ಎಸ್ಟೇಟಿನಲ್ಲಿ ಕೊಯ್ಲಿನ ಕಾಲಕ್ಕೆ ಒಂದು ಪದ್ಧತಿ ಇತ್ತು. ಬೆಳಗ್ಗೆ ಹಾಜರಿ ಕೂಗುವಾಗ ಕಟ್ಟಂಚಹಾದ ಜೊತೆ, ಮೈ ಬೆಚ್ಚಗಿರುವವರಿಗೆಲ್ಲ ಮೇಸ್ತ್ರಿ ಒಂದೊಂದು ಜ್ವರದ ಮಾತ್ರೆ ಕೊಡುತ್ತಿದ್ದ. ಗಳಿಗೆಯೊಳಗೆ ಜ್ವರ ಇಳಿಯುತ್ತಿತ್ತು, ಎಲ್ಲರೂ ಒಂದೇ ಜೀಪಿನಲ್ಲಿ ಒತ್ತಿಕೊಂಡು ತೋಟಕ್ಕೆ ಹೋಗುತ್ತಿದ್ದರು. ವಾರದೊಳಗೆ ಆಳುಗಳ ಲೈನ್ ಮನೆಗಳಲ್ಲಿ ಕೆಮ್ಮದವರೇ ಇರುತ್ತಿರಲಿಲ್ಲ. ಸುದ್ದಿ ಕೇಳಿ ಮೇಷ್ಟ್ರು ಹೋದರು. ಜಗಳ ಆಡಲಿಲ್ಲ. ಜೀಪಿನ ಮುಂದಿನ ಸೀಟಿನಲ್ಲಿ ಕೊಡೆ ಹಿಡಿದುಕೊಂಡು ಕೂತುಬಿಟ್ಟರು. ಮಾತ್ರೆ ತಗೊಂಡವರು ಇಳಿದು ಮನೆಗೆ ಹೋಗುವವರೆಗೆ ತಾನು ಇಳಿಯುವುದಿಲ್ಲ ಎಂದರು. ಎಸ್ಟೇಟಿನ ಮಾಲೀಕನೂ ಅವರ ವಿದ್ಯಾರ್ಥಿಯೇ. ಓಡಿ ಬಂದ.

“ಸಾರ್, ಹಣ್ಣು ಉದುರಿ ಹೋಗುತ್ತೆ.”

“ಉದುರಲಿ. ಹಣ್ಣು ಉದುರಿದ್ರೆ ಹೆಕ್ಕಬಹುದು. ಜನ ಉದುರಿದ್ರೆ ಹೆಕ್ಕಕ್ಕಾಗುತ್ತನಾ?”

ಹಳೇ ಮೇಷ್ಟ್ರನ್ನು ಹೊತ್ತು ಕೆಳಗಿಳಿಸುವ ಧೈರ್ಯ ಯಾರಿಗೂ ಬರಲಿಲ್ಲ. ಆ ಎಸ್ಟೇಟಿನಲ್ಲಿ ಈಗ ಜ್ವರ ಬಂದವರಿಗೆ ರಜೆ ಇದೆ.

ಇನ್ನೊಂದು ಗುಣ ಇತ್ತು, ಅದರಿಂದ ಅವರಿಗೆ ಹತ್ತಿರದವರೇ ದೂರವಾಗಿದ್ದರು. ಸರಿಯಲ್ಲದ ಮಾತು ಕಿವಿಗೆ ಬಿದ್ದರೆ ಸುಮ್ಮನಿರಲು ಆಗುತ್ತಿರಲಿಲ್ಲ. ಆಲ್ದೂರಿನಲ್ಲಿ ಒಬ್ಬರ ಮನೆಗೆ ಸಾವು ಕೇಳಿಕೊಂಡು ಬರಲು ಇಬ್ಬರೂ ಹೋಗಿದ್ದೆವು. ತೀರಿಕೊಂಡವರ ಮಗ ಅಳುತ್ತ, “ಮಳೇಲಿ ನೆಂದ್ರು ಸಾರ್, ಅದಕ್ಕೇ ಫ್ಲೂ ಬಂತು” ಎಂದ. ನಾನು ಮೇಷ್ಟ್ರ ಅಂಗಿ ಹಿಡಿದು ಜಗ್ಗಿದೆ. ಪ್ರಯೋಜನವಾಗಲಿಲ್ಲ. “ನೆಂದ್ರೆ ಫ್ಲೂ ಬರಲ್ಲ ಕಣಪ್ಪಾ. ಮನೇಲಿ ಇನ್ಯಾರಿಗಾದ್ರೂ ಇತ್ತನಾ?” ಎಂದು ಕೇಳಿಯೇಬಿಟ್ಟರು. ಬರುವಾಗ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. “ಸುಳ್ಳು ಹೇಳಿದ್ರೆ ಹೋದವರು ಬರ್ತಾರನಾ?” ಎಂದು ಅವರೇ ಗೊಣಗಿಕೊಂಡರು.

ಅವರ ಹೆಂಡತಿಯನ್ನು ನಾವೆಲ್ಲ ಅಮ್ಮ ಎಂದೇ ಕರೆಯುವುದು. ಗಂಡ ಎಷ್ಟು ಮಾತಿನವರೋ ಹೆಂಡತಿ ಅಷ್ಟು ಕೆಲಸದವರು. ತನಗೆ ನೋವು ಎಂದು ಅವರ ಬಾಯಲ್ಲಿ ಬಂದಿದ್ದನ್ನು ಯಾರೂ ಕೇಳಿಲ್ಲ. ಮಂಡಿಯ ಮುಲಾಮನ್ನು ಕೂಡ ಮೇಷ್ಟ್ರು ಅವರ ನಡಿಗೆ ನೋಡಿ ತಾವಾಗಿ ಕೊಂಡುಹೋಗುತ್ತಿದ್ದುದು. ಇಬ್ಬರಿಗೂ ಒಬ್ಬರಿಗೊಬ್ಬರು ಎಂದರೆ ಜೀವ. ಆದರೆ ಆ ಮನೆಯಲ್ಲಿ ಮೈ ಹುಷಾರಿಲ್ಲ ಎಂದರೆ ಮೊದಲು ಒಂದು ಪಾಠ ಕೇಳಬೇಕಿತ್ತು, ಆಮೇಲೆ ಕಷಾಯ.

ಕಳೆದ ಕೊಯ್ಲಿನಲ್ಲಿ ಅಕಾಲದ ಮೋಡ ಕವಿಯಿತು. ಮಳೆ ಬಿದ್ದು ಕಾಫಿ ಹಣ್ಣು ಬಿರಿಯುವ ಮೊದಲು ಕೊಯ್ದು ಮುಗಿಸಬೇಕೆಂದು ಎಲ್ಲ ಕಡೆ ಅವಸರ. ಮೇಷ್ಟ್ರು ಆ ವಾರ ಪೂರ್ತಿ ಕಣ ಕಾಯುತ್ತ ಮನೆಯಲ್ಲೇ ಉಳಿದರು. ಮೂಡಿಗೆರೆಗೆ ಬರಲೇ ಇಲ್ಲ. ನಾನು ಫೋನು ಮಾಡಿ, “ನೀವಿಲ್ದೆ ವ್ಯಾಪಾರ ಜೋರಾಗಿದೆ ಸಾರ್” ಎಂದು ಛೇಡಿಸಿದೆ. “ಬರ್ತೀನಿ ಇರು, ಎಲ್ಲಾ ಕ್ಯಾಪ್ಸೂಲ್ ಲೆಕ್ಕ ಕೇಳ್ತೀನಿ” ಎಂದರು. ದನಿಯಲ್ಲಿ ಏನೂ ವ್ಯತ್ಯಾಸ ಇರಲಿಲ್ಲ.

ಅದಾದ ಕೆಲವು ದಿನಕ್ಕೆ ಬೆಳಗ್ಗೆ ಅಂಗಡಿ ತೆಗೆಯುವಾಗ ಅಮ್ಮನ ಫೋನು ಬಂತು. “ಇವ್ರು ಯಾಕೋ ಮಂಕಾಗಿ ಕೂತಿದಾರೆ ಮಾರಾಯ. ಊಟ ಬೇಡ ಅಂತಾರೆ. ಏನಾಗ್ತಿದೆ ಅಂದ್ರೆ ಥರ್ಮಾಮೀಟರ್ ತೋರಿಸ್ತಾರೆ.” ಅಮ್ಮ ಫೋನು ಮಾಡಿದ್ದಾರೆ ಅಂದಮೇಲೆ ನಾನು ಕಾಯಲಿಲ್ಲ. ಜೀಪು ಮಾಡಿಕೊಂಡೇ ಹೋದೆ.

ಜಗಲಿಯಲ್ಲಿ ಕೂತಿದ್ದರು. ಮೈ ಮುಟ್ಟಿದರೆ ತಣ್ಣಗಿತ್ತು. ಆದರೆ ಒಂದು ವಾಕ್ಯ ಮುಗಿಸಲು ಎರಡು ಸಲ ಉಸಿರು ಎಳೆದುಕೊಳ್ಳುತ್ತಿದ್ದರು. ತುಟಿಯ ಬಣ್ಣ ನನಗೆ ಹಿಡಿಸಲಿಲ್ಲ.

“ಜ್ವರ ಇಲ್ಲ, ನೋಡು. ಜ್ವರ ಇದ್ದಿದ್ರೆ ಫ್ಲೂ ಅನ್ನಬಹುದಿತ್ತು. ಸುಮ್ನೆ ಸುಸ್ತು.”

“ಸಾರ್, ವಯಸ್ಸಾದೋರಿಗೆ ಜ್ವರ ಬರದೇನೂ ಇರಬಹುದು, ಮೈಗೆ ಗಲಾಟೆ ಎಬ್ಬಿಸೋ ಶಕ್ತಿ ಇರಲ್ಲ ಅಂತ ನೀವೇ ಹೇಳಿದ್ರಿ.”

“ನಾನು ಹೇಳಿದ್ದು ವಯಸ್ಸಾದೋರಿಗೆ” ಎಂದರು.

ಎಪ್ಪತ್ತೈದರ ಹತ್ತಿರದ ಮನುಷ್ಯ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಪಾಠವನ್ನು ಊರಿಗೆಲ್ಲ ಹೇಳಿದವರು ತಮ್ಮನ್ನು ಅದರೊಳಗೆ ಸೇರಿಸಿಕೊಂಡೇ ಇರಲಿಲ್ಲ. ತಮ್ಮ ಮೈ ಇವತ್ತಿಗೂ ಮೋಸ ಮಾಡದೆ ಸುದ್ದಿ ಮುಟ್ಟಿಸುತ್ತದೆ ಎಂದು ನಂಬಿ ಥರ್ಮಾಮೀಟರ್ ಹಿಡಿದು ಕಾಯುತ್ತಿದ್ದರು. ನಾನು ವಾದ ಮಾಡುತ್ತಿರುವಾಗಲೇ ಅಮ್ಮ ಒಳಗಿಂದ ಬಂದರು. ಸೆರಗು ಸಿಕ್ಕಿಸಿಕೊಂಡು ಹೋಗಿ ಜೀಪಿನಲ್ಲಿ ಕೂತರು. “ನೀವು ಬರಲ್ಲ ಅಂದ್ರೆ ಬೇಡ. ನಾನು ಹೋಗಿ ಡಾಕ್ಟ್ರನ್ನೇ ಇಲ್ಲಿಗೆ ಕರ್ಕಂಡು ಬರ್ತೀನಿ” ಎಂದರು. ಮೇಷ್ಟ್ರು ಎದ್ದರು. ಎದ್ದವರಿಗೆ ಮೆಟ್ಟಿಲು ಇಳಿಯಲು ಆಗಲಿಲ್ಲ, ಡ್ರೈವರೂ ನಾನೂ ಹಿಡಿದುಕೊಂಡೆವು.

ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಮೂಗಿಗೆ ಕಡ್ಡಿ ಹಾಕಿ ತೆಗೆದು ಪರೀಕ್ಷೆ ಮಾಡಿದರು. ಫ್ಲೂ. ಆಗಲೇ ಎರಡೂ ಶ್ವಾಸಕೋಶಕ್ಕೆ ಇಳಿದಿತ್ತು. ಆಕ್ಸಿಜನ್ ಹಾಕಿದರು. ಔಷಧಿ ಶುರು ಮಾಡಿದರು. ಮಾರನೆಯ ದಿನ ನಾನು ಹೋದಾಗ ಮಂಚದ ಹತ್ತಿರ ಅಮ್ಮ ಇದ್ದರು. ಒಬ್ಬಳು ಚಿಕ್ಕ ವಯಸ್ಸಿನ ಡಾಕ್ಟರು ಬಂದು ಚೀಟಿಯಲ್ಲಿ ಬರೆದುಕೊಳ್ಳುತ್ತ, ಮನೆಯಲ್ಲಿ ಮೊದಲು ಯಾರಿಗೆ ಬಂದಿತ್ತು ಎಂದು ಕೇಳಿದಳು. ಕೇಳಬೇಕಾದ ಪ್ರಶ್ನೆಯೇ, ತಪ್ಪೇನಲ್ಲ.

“ನಂಗೆ” ಎಂದರು ಅಮ್ಮ.

ಆಗ ವಿಷಯ ಹೊರಗೆ ಬಂತು. ಮೇಷ್ಟ್ರಿಗಿಂತ ಮೂರ್ನಾಲ್ಕು ದಿನ ಮೊದಲೇ ಅಮ್ಮನಿಗೆ ಚಳಿ ಜ್ವರ ಹತ್ತಿತ್ತು. ಹೇಳಿದರೆ ಮೇಷ್ಟ್ರು ಮಲಗಿಸುತ್ತಾರೆ, ಮನೆಗೆ ಯಾರೂ ಬರಬಾರದು ಅನ್ನುತ್ತಾರೆ, ಕೊಯ್ಯುವವರಿಗೆ ತಿಂಡಿ ಮಾಡುವವರಿಲ್ಲದೆ ಕೊಯ್ಲು ನಿಲ್ಲುತ್ತದೆ. ಅದಕ್ಕೆ ಬಣಕಲ್‌ನಿಂದ ಮಾತ್ರೆ ತರಿಸಿ, ಅಕ್ಕಿ ಡಬ್ಬಿಯಲ್ಲಿ ಇಟ್ಟುಕೊಂಡು, ಜ್ವರ ಏಳುವ ಮೊದಲೇ ನುಂಗುತ್ತ ಓಡಾಡಿದ್ದರು. ನನ್ನಲ್ಲಿ ಕೊಂಡರೆ ಮೇಷ್ಟ್ರಿಗೆ ತಿಳಿಯುತ್ತದೆ ಎಂದು ಬಣಕಲ್. ಊರೆಲ್ಲ ಜ್ವರದ ಲೆಕ್ಕ ಇಟ್ಟವರಿಗೆ ಪಕ್ಕದಲ್ಲೇ ಮಲಗಿದವರ ಜ್ವರ ಗೊತ್ತಾಗಿರಲಿಲ್ಲ.

ಡಾಕ್ಟರು ಹೋದಳು. ಅಮ್ಮ ಅಳಲಿಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತುತ್ತ, “ನನ್ನಿಂದಲೇ ಬಂತು ಅಲ್ವನಾ?” ಎಂದು ಕೇಳಿದರು. ನನ್ನನ್ನಲ್ಲ, ಮೇಷ್ಟ್ರನ್ನು. ನನಗೆ ಆಲ್ದೂರಿನ ಸಾವಿನ ಮನೆ ಕಣ್ಣೆದುರು ಬಂತು. ಇವರು ಹೌದು ಎಂದೇ ಹೇಳುತ್ತಾರೆ ಎಂದು ಖಾತ್ರಿಯಾಗಿತ್ತು. ದಿನಗಳನ್ನು ಜೋಡಿಸಿ ನೋಡಿದರೆ ಬೇರೆ ಉತ್ತರವೇ ಇರಲಿಲ್ಲ.

ಮೇಷ್ಟ್ರು ಮಾಸ್ಕ್ ಸರಿಸಿದರು.

“ನಿನ್ನಿಂದ ಅಲ್ಲ ಮಾರಾಯ್ತಿ. ನನ್ನಿಂದ ನಿಂಗೆ ಬಂದಿದ್ದು. ನಂಗೆ ಅದಕ್ಕೂ ಮೊದಲೇ ಗಂಟಲು ಕೆರೀತಿತ್ತು. ಹೇಳಿರ್ಲಿಲ್ಲ.” ಉಸಿರು ಎಳೆದುಕೊಂಡರು. “ನೀನು ತೋಟಕ್ಕೆ ಹೋಗಿದ್ದಾಗ ಬಸ್ ಹತ್ತಿ ಇವನ ಅಂಗಡಿಗೆ ಹೋಗಿ ಬಂದಿದ್ದೆ. ಕೆಮ್ಮೋರೆಲ್ಲ ಬರೋದು ಅಲ್ಲಿಗೇ ಅಲ್ದಾ? ಬಯ್ತೀಯ ಅಂತ ಮುಚ್ಚಿಟ್ಟೆ.”

ಅಮ್ಮ ನನ್ನ ಕಡೆ ತಿರುಗಿದರು. “ಹೌದನಾ?”

ಮೇಷ್ಟ್ರೂ ನನ್ನನ್ನೇ ನೋಡುತ್ತಿದ್ದರು. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಉತ್ತರಕ್ಕಾಗಿ ಕಾಯುವಾಗ ಹೀಗೇ ನೋಡುತ್ತಿದ್ದರು. ಆ ವಾರ ಅವರು ನನ್ನ ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ. ಅದು ಅವರಿಗೂ ಗೊತ್ತು, ನನಗೂ ಗೊತ್ತು.

“ಹೌದಮ್ಮ” ಎಂದೆ. “ಆವತ್ತು ಒಬ್ಬ ಕೆಮ್ತಾ ಇದ್ದ, ಸಾರ್ ಪಕ್ಕದಲ್ಲೇ ನಿಂತಿದ್ದ. ನಾನು ಹೇಳ್ದೆ, ಆಚೆ ಕೂರಿ ಸಾರ್ ಅಂತ. ಕೇಳಬೇಕಲ್ಲ.”

ಅಮ್ಮನಿಗೆ ಎಲ್ಲಿತ್ತೋ ಸಿಟ್ಟು, ಒಮ್ಮೆಗೇ ಬಂತು. “ಎಷ್ಟು ಸಲ ಹೇಳಿದೀನಿ, ಅಲ್ಲಿ ಹೋಗಿ ಕೂರಬೇಡಿ ಅಂತ! ಊರ ಮಂದಿಗೆಲ್ಲ ಬುದ್ಧಿ ಹೇಳಕ್ಕೆ ಹೋಗಿ ಮನೆಗೆ ಕಾಯಿಲೆ ತಂದ್ರಲ್ಲ! ನಂಗೂ ಹತ್ಸಿದ್ರಲ್ಲ!” ನರ್ಸು ಬಂದು ಸುಮ್ಮನಿರಿಸುವವರೆಗೆ ಬೈದರು. ಮೇಷ್ಟ್ರು ತಲೆ ತಗ್ಗಿಸಿ, ತಪ್ಪು ಮಾಡಿದವರ ಹಾಗೆ ಪೂರ್ತಿ ಕೇಳಿಸಿಕೊಂಡರು. ಬೈದು ಸಾಕಾದಮೇಲೆ ಅಮ್ಮನೇ ಮಾಸ್ಕನ್ನು ಸರಿಯಾಗಿ ಕೂರಿಸಿ, ಹಣೆ ಒರೆಸಿದರು. “ಈಗ ನಿಂಗೆ ಹೇಗಿದೆ?” ಎಂದು ಮಾಸ್ಕಿನೊಳಗಿಂದ ಮೇಷ್ಟ್ರು ಕೇಳಿದ್ದು ನನಗೆ ಕೇಳಿಸಿತು. ಅವರ ಮೇಲೆ ನನಗೆ ಅಷ್ಟು ಪ್ರೀತಿ ಉಕ್ಕಿದ್ದು ಅದಕ್ಕೆ ಮೊದಲು ಯಾವತ್ತೂ ಇಲ್ಲ. ಹೊರಗೆ ಹೋಗಿ ನಿಂತುಕೊಂಡೆ.

ಆ ವಾರದ ಕೊನೆಯಲ್ಲಿ ಮೇಷ್ಟ್ರು ಹೋದರು.

ಹದಿಮೂರನೆಯ ದಿನದ ಊಟಕ್ಕೆ ನಾನೂ ಹೋಗಿದ್ದೆ. ಕಳಸದ ಕಡೆಯ ನೆಂಟರು ತುಂಬಿದ್ದರು. ಪಂಕ್ತಿಯಲ್ಲಿ ಕೂತಿದ್ದಾಗ ಅಮ್ಮ ಬಂದು ನನ್ನ ಎಲೆಯ ಎದುರು ನಿಂತು, ಪಕ್ಕದವರಿಗೆ ನನ್ನ ಪರಿಚಯ ಹೇಳಿದರು. “ಇವನ ಅಂಗಡೀಲೇ ನೋಡಿ ಅವರಿಗೆ ಹತ್ತಿದ್ದು.” ನೆಂಟರೆಲ್ಲ ಊಟ ಬಿಟ್ಟು ನನ್ನ ಮುಖ ನೋಡಿದರು.

“ಹೌದಮ್ಮ, ನಮ್ಮ ಅಂಗಡೀಲೇ” ಎಂದೆ.

ಅಮ್ಮ ಬಗ್ಗಿ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದರು. ಹೆಗಲ ಮೇಲೆ ಕೈಯಿಟ್ಟರು.

“ಮನಸಿಗೆ ಹಚ್ಚಿಕೋಬೇಡ ಮಾರಾಯ. ನೀನೇನು ಬೇಕು ಅಂತ ಮಾಡಿದ್ಯಾ? ಊಟ ಮಾಡು.”